ನಾನು ತಪ್ಪು ಹಾಕಿದ ಗಿಳಿ



ಕಳೆದ ಫೆಬ್ರವರಿಯಲ್ಲಿ ಮಗಳು ಮೊಮ್ಮಗನೊಡನೆ ಬೆಂಗಳೂರಿನಿಂದ ವಿರಾಜಪೇಟೆಗೆ ಬಂದಿದ್ದಳು. ನಮ್ಮ ಮನೆಯ ಹಿಂದಿನ ಕಾಫಿ ತೋಟದ ಅಂಚಿನಲ್ಲಿ ಒಂದು ಹಳೆಯ ಹಾಲುವಾಣದ ಮರವಿದೆ. ಆ ತಿಂಗಳಲ್ಲಿ ಅದು ಎಲೆಯುದುರಿಸಿ ಮೈತುಂಬ ಕೆಂಪು ಹೂ ತಳೆದು ನಿಂತಿರುತ್ತದೆ. ಒಂದು ಬೆಳಿಗ್ಗೆ ನಾನು ಜಗಲಿಯಲ್ಲಿ ಕುಳಿತು ಪತ್ರಿಕೆ ಓದುತ್ತಿದ್ದಾಗ, ಮೊಬೈಲ್ ಹಿಡಿದು ಮರದ ಬಳಿ ನಿಂತಿದ್ದ ಹುಡುಗ ಓಡಿ ಬಂದು, "ತಾತ, ಆ ಗಿಳಿ ಹಸಿರು ಇಲ್ಲ. ಎದೆ ಬೂದಿ ಬಣ್ಣ, ರೆಕ್ಕೆ ನೀಲಿ. ಬಂದು ನೋಡು" ಎಂದ. "ಗಿಳಿ ಹಸಿರಲ್ಲದೆ ಇನ್ನೇನು ಮಾರಾಯ?" ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ಆದರೆ ಆ ಮಾತನ್ನು ಹಿಂದೆ ಒಮ್ಮೆ, ಇನ್ನೊಬ್ಬ ಹುಡುಗನಿಗೆ ಹೇಳಿದ್ದೆನೆಂಬುದು ಥಟ್ಟನೆ ನೆನಪಾಗಿ, ಕನ್ನಡಕ ಸರಿಮಾಡಿಕೊಂಡು ಎದ್ದು ಹೋದೆ.

ಏಳೆಂಟು ಹಕ್ಕಿಗಳಿದ್ದವು. ಹೂವಿನ ಗೊಂಚಲುಗಳನ್ನು ಕೊಕ್ಕಿನಿಂದ ಕಿತ್ತು ಹೀರಿ ಕೆಳಗೆ ಉದುರಿಸುತ್ತಿದ್ದವು. ತಲೆ, ಬೆನ್ನು, ಎದೆ ಪಾರಿವಾಳದ ಬೂದು, ಕೊರಳಲ್ಲಿ ಕಪ್ಪು ಪಟ್ಟಿ, ಅದರ ಕೆಳಗೆ ನೀಲಿ ಬೆರೆತ ಹಸಿರಿನ ಇನ್ನೊಂದು ಪಟ್ಟಿ, ರೆಕ್ಕೆ ನೀಲಿ, ನೀಳವಾದ ನೀಲಿ ಬಾಲದ ತುದಿ ಹಳದಿ. ಮೊಮ್ಮಗ ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಅರವತ್ತು ದಾಟಿದ ನಾನು, ಹುಟ್ಟಿದಂದಿನಿಂದ ಇದೇ ಘಟ್ಟದಲ್ಲಿ ಬಾಳಿದವನು, ಆ ಹಕ್ಕಿಯನ್ನು ಅಂದೇ ಮೊದಲ ಬಾರಿಗೆ ನೋಡಿದೆ. ಅದು ನನ್ನ ಕಣ್ಣ ಮುಂದೆ ಎಷ್ಟು ಸಾವಿರ ಸಲ ಹಾದುಹೋಗಿದೆಯೋ!

ಇನ್ನು ಆ ಹಳೆಯ ಹುಡುಗನ ವಿಷಯ. ಅದು 1989ನೇ ಇಸವಿ. ನಾನು ಬಿ.ಎಡ್. ಮುಗಿಸಿ ಶಿಕ್ಷಕನಾಗಿ ನಾಲ್ಕೈದು ವರ್ಷಗಳಾಗಿದ್ದವು. ನನ್ನ ವಿಷಯ ಸಮಾಜ ವಿಜ್ಞಾನವಾದರೂ ಕನ್ನಡದ ಹುದ್ದೆ ಖಾಲಿಯಿದ್ದುದರಿಂದ ಒಂಬತ್ತನೇ ತರಗತಿಗೆ ಕನ್ನಡವನ್ನೂ ಹೇಳುತ್ತಿದ್ದೆ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ "ನನ್ನ ಮೆಚ್ಚಿನ ಪಕ್ಷಿ" ಎಂಬ ಪ್ರಬಂಧ ಕೇಳಿದ್ದೆ. ನಲವತ್ತು ಉತ್ತರ ಪತ್ರಿಕೆಗಳಲ್ಲಿ ಮೂವತ್ತು ನವಿಲಿನವು, ಉಳಿದವು ಹೆಚ್ಚಾಗಿ ಗಿಳಿಯವು. ಎಲ್ಲ ಗಿಳಿಗಳೂ ಹಸಿರು ಮೈ, ಕೆಂಪು ಕೊಕ್ಕು, ಕೊರಳಲ್ಲಿ ಕೆಂಪು ಪಟ್ಟಿಯವು. ಎಲ್ಲವೂ ಮೆಣಸಿನಕಾಯಿ ತಿನ್ನುವಂಥವು. ಒಬ್ಬ ಹುಡುಗ ಮಾತ್ರ ಬೇರೆ ಬರೆದಿದ್ದ. ಅವನ ತಂದೆ ತಾಯಿ ಒಂದು ತೋಟದ ಲೈನ್ ಮನೆಯಲ್ಲಿದ್ದು ಕೂಲಿ ಮಾಡುತ್ತಿದ್ದವರು. ತಮ್ಮ ತೋಟದಲ್ಲಿ ಮೂರು ಜಾತಿಯ ಗಿಳಿಗಳಿವೆಯೆಂದೂ, ಒಂದು ಹಸಿರಿನದೆಂದೂ, ಒಂದರ ಎದೆ ಬೂದಿ, ರೆಕ್ಕೆ ನೀಲಿಯೆಂದೂ, ಇನ್ನೊಂದು ಗುಬ್ಬಿಯಷ್ಟೇ ಇದ್ದು ರಾತ್ರಿ ಬಾವಲಿಯಂತೆ ತಲೆಕೆಳಗಾಗಿ ಮಲಗುತ್ತದೆಯೆಂದೂ ಬರೆದಿದ್ದ.

ನಾನು ಕೆಂಪು ಶಾಯಿಯಲ್ಲಿ ಆ ಎರಡು ವಾಕ್ಯಗಳ ಕೆಳಗೆ ಗೆರೆ ಎಳೆದು, "ಗಿಳಿಯ ಬಣ್ಣ ಹಸಿರು. ಕಲ್ಪನೆ ಬೇಡ, ಕಂಡದ್ದನ್ನು ಬರೆ" ಎಂದು ಷರಾ ಬರೆದು, ಐದರಲ್ಲಿ ಎರಡು ಅಂಕ ಕಳೆದೆ. ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ಪತ್ರಿಕೆ ಹಂಚುವಾಗ ತಲೆಕೆಳಗಾಗಿ ಮಲಗುವ ಗಿಳಿಯ ವಾಕ್ಯವನ್ನು ತರಗತಿಗೆ ಓದಿ ಹೇಳಿದೆ. ಎಲ್ಲರೂ ನಕ್ಕರು. ನಾನೂ ನಕ್ಕೆ. ಹುಡುಗ ಏನೂ ಹೇಳಲಿಲ್ಲ. "ನಾನು ಕಂಡಿದ್ದೇನೆ ಸರ್" ಎಂದಷ್ಟೇ ಮೆಲ್ಲಗೆ ಹೇಳಿ ಕುಳಿತುಕೊಂಡ.

ಅವನು ಬರೆದದ್ದೆಲ್ಲ ಸತ್ಯ. ನಮ್ಮ ಸುತ್ತ ಕಾಣುವ ಗಿಳಿಗಳಲ್ಲಿ ಹಸಿರು ಮೈಯ, ಕೆಂಪು ಪಟ್ಟಿಯದು ಬಯಲುಸೀಮೆ, ಊರು, ಹೊಲಗಳ ಹಕ್ಕಿ. ಇಡೀ ಭಾರತದ ಹಕ್ಕಿ. ಪಠ್ಯಪುಸ್ತಕದ ಚಿತ್ರದಲ್ಲಿರುವುದು ಅದೇ. ಬೂದಿ ಎದೆಯದನ್ನು ಪಕ್ಷಿಶಾಸ್ತ್ರದವರು ನೀಲಿ ರೆಕ್ಕೆಯ ಗಿಳಿ ಅಥವಾ ಮಲಬಾರ್ ಗಿಳಿ ಎನ್ನುತ್ತಾರೆ. ಇದು ಪಶ್ಚಿಮಘಟ್ಟವನ್ನು ಬಿಟ್ಟು ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಮುಂಬಯಿಯ ಆಸುಪಾಸಿನಿಂದ ಕೇರಳದ ದಕ್ಷಿಣದವರೆಗಿನ ಮಳೆಕಾಡುಗಳಲ್ಲಿ, ಬಹುಮಟ್ಟಿಗೆ 500ರಿಂದ 1000 ಮೀಟರ್ ಎತ್ತರದ ನಡುವೆ ವಾಸಿಸುತ್ತದೆ. ನಮ್ಮ ವಿರಾಜಪೇಟೆ ಸುಮಾರು 900 ಮೀಟರ್ ಎತ್ತರದಲ್ಲಿದೆಯೆಂಬುದನ್ನು ನೆನೆದರೆ ನಾವು ಅದರ ನಡುಮನೆಯಲ್ಲೇ ವಾಸವಾಗಿದ್ದೇವೆ ಎನ್ನಬಹುದು.

ಮೂರನೆಯದು ಎಲ್ಲಕ್ಕಿಂತ ಪುಟ್ಟದು. ಕೊಕ್ಕಿನಿಂದ ಬಾಲದ ತುದಿಯವರೆಗೆ ಸುಮಾರು 14 ಸೆಂಟಿಮೀಟರ್. ಎಲೆಯ ಹಸಿರು, ಮೋಟು ಬಾಲ, ಕೆಂಪು ಕೊಕ್ಕು, ಸೊಂಟದ ಮೇಲೆ ಕೆಂಪು. ಮರದಲ್ಲಿ ಕುಳಿತರೆ ಎಲೆಗೂ ಹಕ್ಕಿಗೂ ವ್ಯತ್ಯಾಸ ತಿಳಿಯದು. ಹೂವಿನ ಮಕರಂದ, ಅತ್ತಿ, ಗೋಣಿಯಂಥ ಹಣ್ಣುಗಳು ಇದರ ಆಹಾರ. ಶೇಂದಿಯ ಗಡಿಗೆಗೆ ಬಾಯಿಟ್ಟು ಅಮಲೇರುವುದೂ ಉಂಟೆಂದು ಹಳೆಯ ಪಕ್ಷಿಗ್ರಂಥಗಳು ಹೇಳುತ್ತವೆ. ಹೆಣ್ಣು ಹಕ್ಕಿ ಗೂಡಿಗೆ ಬೇಕಾದ ಎಲೆಯ ಚೂರುಗಳನ್ನು ಕಾಲಿನಲ್ಲಾಗಲಿ ಕೊಕ್ಕಿನಲ್ಲಾಗಲಿ ಒಯ್ಯದೆ, ಸೊಂಟದ ಗರಿಗಳ ನಡುವೆ ಸಿಕ್ಕಿಸಿಕೊಂಡು ಹಾರುತ್ತದೆ. ಮಲಗುವುದು ಕೊಂಬೆಗೆ ನೇತಾಡುತ್ತ, ತಲೆಕೆಳಗಾಗಿ. ಥೇಟ್ ಆ ಹುಡುಗ ಬರೆದಂತೆಯೇ. ಮಲಯಾಳಿಗರು ಇದನ್ನು ಮುದ್ದಾಗಿ "ತತ್ತಚಿನ್ನನ್" ಎಂದು ಕರೆಯುತ್ತಾರೆ. ನೀಲಿ ರೆಕ್ಕೆಯದಕ್ಕೆ "ನೀಲತತ್ತ" ಎಂದು ಹೆಸರು. ನಮ್ಮ ಮನೆಯಲ್ಲೂ ನಮ್ಮ ಶಾಲೆಯಲ್ಲೂ ಮಾತ್ರ ಎಲ್ಲಕ್ಕೂ ಗಿಳಿಯೆಂಬ ಒಂದೇ ಹೆಸರಿತ್ತು.

ಚರಿತ್ರೆಯ ಮೇಷ್ಟ್ರಾದ ನನ್ನನ್ನು ಆ ಬೆಳಿಗ್ಗೆಯಿಂದ ಕಾಡಿದ ಪ್ರಶ್ನೆಯೆಂದರೆ, ಈ ಹಕ್ಕಿಗಳನ್ನು ಮೊದಲು ಸರಿಯಾಗಿ ಕಂಡವರು ಯಾರು, ಬರೆದಿಟ್ಟವರು ಯಾರು ಎಂಬುದು. ನಿವೃತ್ತನಿಗೆ ಬಿಡುವಿಗೇನು ಕೊರತೆ! ಹುಡುಕುತ್ತ ಹೋದೆ. ದೊರೆತದ್ದನ್ನು ನಿಮ್ಮೊಡನೆ ಹಂಚಿಕೊಳ್ಳುತ್ತಿದ್ದೇನೆ.

ಭಾರತದ ಗಿಳಿಯ ಕೀರ್ತಿ ಬಹಳ ಹಳೆಯದು. ಕ್ರಿಸ್ತಪೂರ್ವ 400ರ ಸುಮಾರಿಗೆ ಪರ್ಷಿಯಾದ ಅರಮನೆಯಲ್ಲಿ ವೈದ್ಯನಾಗಿದ್ದ ಗ್ರೀಕ್ ಲೇಖಕ ಟೀಸಿಯಸ್, ಮನುಷ್ಯರಂತೆ ಮಾತಾಡುವ, ಭಾರತದ ಭಾಷೆಯನ್ನು ನುಡಿಯುವ ಹಕ್ಕಿಯೊಂದನ್ನು ವರ್ಣಿಸಿದ್ದಾನೆ. ಗ್ರೀಕ್ ಭಾಷೆ ಕಲಿಸಿದರೆ ಅದನ್ನೂ ಆಡಬಲ್ಲದೆಂದು ಅವನ ನಂಬಿಕೆ. ಅಲೆಕ್ಸಾಂಡರನ ದಂಡಯಾತ್ರೆಯ ನೆನಪಿಗಾಗಿ ನಮ್ಮ ದೊಡ್ಡ ಜಾತಿಯ ಗಿಳಿಯೊಂದಕ್ಕೆ ಅವನ ಹೆಸರೇ ಅಂಟಿಕೊಂಡಿದೆ. ನಮ್ಮಲ್ಲಿ ಹೇಳುವುದೇ ಬೇಡ. ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಗಿಳಿಯೊಡನೆ ಮಾತಾಡುವ ಶುಕಭಾಷಿಣಿಯೆಂಬ ಮದನಿಕೆಯನ್ನು, ಶಾಲಾ ಪ್ರವಾಸಕ್ಕೆ ಬಂದ ನೀವೆಲ್ಲ ನೋಡಿದ್ದೀರಿ. ನಾನೇ ಕೋಲು ಹಿಡಿದು ತೋರಿಸಿದ್ದೇನೆ. ಮಂಜೇಶ್ವರದ ಗೋವಿಂದ ಪೈಗಳು 1930ರಲ್ಲಿ ಪ್ರಕಟವಾದ ತಮ್ಮ ಕವನ ಸಂಕಲನಕ್ಕೆ "ಗಿಳಿವಿಂಡು" ಎಂದೇ ಹೆಸರಿಟ್ಟರು.

ಆದರೆ ಗಿಳಿಯ ಬದುಕನ್ನು ಕಂಡು ಮರುಗಿದ ಕನ್ನಡದ ಗ್ರಂಥವೊಂದಿದೆ. ಅದು ಒಂದನೆಯ ನಾಗವರ್ಮನ ಕರ್ಣಾಟಕ ಕಾದಂಬರಿ. ಏಳನೆಯ ಶತಮಾನದ ಬಾಣಭಟ್ಟನ ಸಂಸ್ಕೃತ ಕಾದಂಬರಿಯನ್ನು ನಾಗವರ್ಮನು ಕ್ರಿ.ಶ. 1000ರ ಸುಮಾರಿಗೆ ಕನ್ನಡಕ್ಕೆ ತಂದನು. ಕತೆಯನ್ನು ಹೇಳುವುದೇ ವೈಶಂಪಾಯನನೆಂಬ ಗಿಳಿ. ಪಂಪಾ ಸರೋವರದ ದಡದಲ್ಲಿ ಮುಗಿಲು ಮುಟ್ಟುವ ಒಂದು ಮುದಿ ಬೂರುಗದ ಮರ. ಅದರ ಪೊಟರೆಗಳಲ್ಲಿ ಅಸಂಖ್ಯ ಗಿಳಿಗಳ ಸಂಸಾರ. ಬೇಡರ ದಂಡೊಂದು ಆ ದಾರಿಯಲ್ಲಿ ಹಾದು ಹೋಗುತ್ತದೆ. ಎಲ್ಲರೂ ಹೋದ ಮೇಲೆ ಹಿಂದುಳಿದ ಒಬ್ಬ ಮುದಿ ಬೇಡ ಮರವನ್ನೇರಿ, ಪೊಟರೆ ಪೊಟರೆಗೂ ಕೈಹಾಕಿ ಮರಿಗಳನ್ನು ಕೊಂದು ಕೆಳಕ್ಕೆ ಎಸೆಯುತ್ತಾನೆ. ತಾಯಿಯಿಲ್ಲದ ತನ್ನ ಮರಿಯನ್ನು ರೆಕ್ಕೆಯೊಳಗೆ ಅಡಗಿಸಿಕೊಂಡ ಮುದಿ ತಂದೆ ಗಿಳಿಯೂ ಅವನ ಕೈಗೆ ಸಿಕ್ಕು ಸಾಯುತ್ತದೆ. ಮರಿ ಮಾತ್ರ ತರಗೆಲೆಯ ರಾಶಿಯ ಮೇಲೆ ಬಿದ್ದು ಉಳಿದು, ಜಾಬಾಲಿ ಮುನಿಯ ಮಗ ಹಾರೀತನ ಕರುಣೆಯಿಂದ ಬದುಕುತ್ತದೆ. ಈ ಪ್ರಸಂಗವನ್ನು ನಾನು ವಿದ್ಯಾರ್ಥಿದೆಸೆಯಲ್ಲಿ ಅಲಂಕಾರಗಳ ಉದಾಹರಣೆಗೆಂದು ಓದಿದ್ದೆ. ಈಗ ಓದಿದರೆ, ಗಿಳಿಗೆ ಬೇಕಾದುದೇನು ಎಂಬುದನ್ನು ಆ ಹಿರಿಯರು ಎಷ್ಟು ಖಚಿತವಾಗಿ ಬಲ್ಲವರಾಗಿದ್ದರು ಎಂದು ಬೆರಗಾಗುತ್ತದೆ. ಗಿಳಿಗೆ ಬೇಕಾದುದು ಹಳೆಯ ಮರ, ಅದರಲ್ಲೊಂದು ಪೊಟರೆ. ಈ ಮಾತಿಗೆ ಮುಂದೆ ಮತ್ತೆ ಬರುತ್ತೇನೆ.

ಶಾಸ್ತ್ರೀಯ ದಾಖಲೆಯ ಕತೆ ಶುರುವಾಗುವುದು ಬಹಳ ದೂರದಲ್ಲಿ. ನೇತಾಡುವ ಪುಟ್ಟ ಗಿಳಿಗೆ ಮೊದಲು ಲ್ಯಾಟಿನ್ ಹೆಸರು ಕೊಟ್ಟವನು ಸ್ವೀಡನ್ನಿನ ಆಂಡರ್ಸ್ ಸ್ಪಾರ್ಮನ್. ಲಿನೇಯಸ್ಸನ ಶಿಷ್ಯ, ಕ್ಯಾಪ್ಟನ್ ಕುಕ್‌ನ ಎರಡನೆಯ ಸಮುದ್ರಯಾನದಲ್ಲಿ ಜೊತೆಗಿದ್ದವನು. ಸ್ವದೇಶದ ಶ್ರೀಮಂತನೊಬ್ಬನ ಸಂಗ್ರಹದಲ್ಲಿದ್ದ ಒಣಗಿದ ಹಕ್ಕಿಗಳನ್ನು ವರ್ಣಿಸುತ್ತ 1787ರಲ್ಲಿ ಇದಕ್ಕೆ "ವಸಂತದ" ಎಂಬರ್ಥದ ವರ್ನಾಲಿಸ್ ಎಂದು ಹೆಸರಿಟ್ಟನು. ನೀಲಿ ರೆಕ್ಕೆಯದಕ್ಕೆ ಹೆಸರು ಬಂದುದು 1830ರಲ್ಲಿ, ಲಂಡನ್ನಿನಲ್ಲಿ. ಅಲ್ಲಿನ ಪ್ರಾಣಿಶಾಸ್ತ್ರ ಸಂಘದ ಮೊದಲ ಕಾರ್ಯದರ್ಶಿ ನಿಕೊಲಸ್ ವಿಗರ್ಸ್ ಇದರ ಬೂದು ಬಣ್ಣ ನೋಡಿ "ಪಾರಿವಾಳದಂಥದು" ಎಂಬರ್ಥದ ಕೊಲಂಬಾಯ್ಡಿಸ್ ಎಂದು ಕರೆದನು. ನೋಡಿ, ನನ್ನ ವಿದ್ಯಾರ್ಥಿ ಬೂದಿ ಬಣ್ಣ ಎಂದು ಬರೆಯುವುದಕ್ಕೆ 159 ವರ್ಷ ಮುಂಚೆಯೇ ಅದು ಅಚ್ಚಾಗಿತ್ತು!

ಆ 1830ನೇ ಇಸವಿಯನ್ನು ಸ್ವಲ್ಪ ನೆನೆಯಿರಿ. ಅಂದು ಮಡಿಕೇರಿಯ ಗದ್ದುಗೆಯಲ್ಲಿ ಚಿಕ್ಕವೀರರಾಜೇಂದ್ರನಿದ್ದನು. ಅವನ ದೊಡ್ಡಪ್ಪ ದೊಡ್ಡವೀರರಾಜೇಂದ್ರನು 1792ರಲ್ಲಿ ನೆಲೆಗೊಳಿಸಿದ ನಮ್ಮ ವಿರಾಜಪೇಟೆಗೆ ಇನ್ನೂ ನಲವತ್ತು ವರ್ಷ ತುಂಬಿರಲಿಲ್ಲ. ನಾಲ್ಕು ವರ್ಷ ಕಳೆಯುವುದರೊಳಗೆ, 1834ರಲ್ಲಿ, ಕೊಡಗು ಕಂಪನಿ ಸರ್ಕಾರದ ವಶವಾಯಿತು. ನಮ್ಮ ನಾಡು ಪರಾಧೀನವಾಗುವ ಮುನ್ನವೇ ನಮ್ಮ ಹಕ್ಕಿ ಲಂಡನ್ನಿನ ಪುಸ್ತಕದಲ್ಲಿ ದಾಖಲಾಗಿತ್ತು.

ಇಲ್ಲಿಗೆ ಬಂದು ಜೀವಂತ ಹಕ್ಕಿಯನ್ನು ನೋಡಿದವರು ಆಮೇಲೆ ಬಂದರು. ಅವರಲ್ಲಿ ಮುಖ್ಯನಾದವನು ಥಾಮಸ್ ಜೆರ್ಡನ್ (1811–1872). 1836ರಲ್ಲಿ ಮದ್ರಾಸಿಗೆ ಸೈನ್ಯದ ವೈದ್ಯನಾಗಿ ಬಂದ ಈತ ಕೆಲಕಾಲ ತಲಶ್ಶೇರಿಯಲ್ಲಿ ಸಿವಿಲ್ ಸರ್ಜನ್ ಆಗಿದ್ದನು. ಪೆರುಂಬಾಡಿ, ಮಾಕುಟ್ಟದ ಮೂಲಕ ಘಟ್ಟ ಇಳಿದರೆ ನಾವು ಸೇರುವ ಕರಾವಳಿಯದೇ ಪಟ್ಟಣ ಅದು. ಕೊಡಗಿನ ಅಕ್ಕಿ, ಏಲಕ್ಕಿ, ಆಮೇಲೆ ಕಾಫಿ ಹಡಗು ಹತ್ತುತ್ತಿದ್ದುದು ಅಲ್ಲಿಂದಲೇ. 1862ರಿಂದ 1864ರವರೆಗೆ ಹೊರಬಂದ ಅವನ "ಭಾರತದ ಪಕ್ಷಿಗಳು" ಗ್ರಂಥ ಬಹುಕಾಲ ಈ ವಿಷಯದ ಆಧಾರಗ್ರಂಥವಾಗಿತ್ತು.

ನಮ್ಮವನೆಂದೇ ಹೇಳಬಹುದಾದ ಇನ್ನೊಬ್ಬನು ಎಫ್. ಎನ್. ಬೆಟ್ಸ್. ಕೊಡಗಿನಲ್ಲಿ ಕಾಫಿ ತೋಟಗಾರನಾಗಿದ್ದ ಆಂಗ್ಲ. ಎರಡನೆಯ ಮಹಾಯುದ್ಧ ಬಂದಾಗ ಬರ್ಮಾ ಗಡಿಗೆ ಹೋದನು. 1945ರಲ್ಲಿ, ನಾಗಾ ಬೆಟ್ಟಗಳಲ್ಲಿ ಜಪಾನೀಯರ ವಿರುದ್ಧ ಕಾವಲು ಕಟ್ಟಿ ಹೆಸರಾದ ಉರ್ಸುಲಾ ಗ್ರಹಾಂ ಬೋವರ್ ಎಂಬ ಮಹಿಳೆಯನ್ನು ವಿವಾಹವಾದನು. ಅವನು ತೋಟದ ದಿನಗಳಲ್ಲಿ ಕಂಡು ಬರೆದಿಟ್ಟುಕೊಂಡ ಹಕ್ಕಿಗಳ ವಿವರ 1951ರಲ್ಲಿ ಮುಂಬಯಿಯ ನೈಸರ್ಗಿಕ ಇತಿಹಾಸ ಸಂಘದ ಪತ್ರಿಕೆಯಲ್ಲಿ "ಕೊಡಗಿನ ಹಕ್ಕಿಗಳು" ಎಂಬ ದೀರ್ಘ ಲೇಖನವಾಗಿ ಪ್ರಕಟವಾಯಿತು. ಕಾಫಿ ಗಿಡಗಳ ನಡುವೆ ಓಡಾಡುತ್ತ ತಲೆಯೆತ್ತಿ ನೋಡಿದವನು ಅವನು. ಅದೇ ಗಿಡಗಳ ನಡುವೆ ಓಡಾಡುತ್ತ ತಲೆಯೆತ್ತಿ ನೋಡಿದ ಕೂಲಿಕಾರನ ಮಗನೂ ಇದ್ದನು. ದೊರೆ ಬರೆದದ್ದು ಪತ್ರಿಕೆಯಲ್ಲಿ ಅಚ್ಚಾಯಿತು. ಹುಡುಗ ಬರೆದದ್ದಕ್ಕೆ ಮೇಷ್ಟ್ರು ಕೆಂಪು ಗೆರೆ ಎಳೆದರು. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ; ಆದರೂ ಬರೆಯಬೇಕು.

ಇನ್ನು ಕಾಫಿಯ ವಿಷಯ. ಗಿಳಿಯ ಚರಿತ್ರೆಗೂ ನಮ್ಮ ಕಾಫಿಯ ಚರಿತ್ರೆಗೂ ಗಂಟು ಬಿದ್ದಿದೆ. 1854ರಲ್ಲಿ ಮಡಿಕೇರಿಯ ಬಳಿ ಫೌಲರ್ ಎಂಬಾತ ಯೂರೋಪಿಯನ್ನರ ಮೊದಲ ಕಾಫಿ ತೋಟ ತೆರೆದನು. ಮುಂದಿನ ಹತ್ತು ಹದಿನೈದು ವರ್ಷ ಕೊಡಗಿನ ಘಟ್ಟಗಳಲ್ಲಿ ಕೊಡಲಿಯ ಸದ್ದೇ ಸದ್ದು. ಕಾಡನ್ನು ಪೂರ್ತಿ ಕಡಿದು, ಸುಟ್ಟು, ಬಟ್ಟ ಬಯಲು ಮಾಡಿ ಕಾಫಿ ನೆಡುವುದು ಆಗಿನ ಪದ್ಧತಿ. ಅದೇ ಮುಂದುವರಿದಿದ್ದರೆ ಘಟ್ಟದ ಗಿಳಿಗಳಿಗೆ ಇಲ್ಲಿ ಜಾಗವಿರುತ್ತಿರಲಿಲ್ಲ. ಉಳಿಸಿದ್ದು ಒಂದು ಹುಳು! 1860ರ ದಶಕದಲ್ಲಿ, ಮಳೆ ಕೈಕೊಟ್ಟ ವರ್ಷಗಳಲ್ಲಿ, ಕಾಂಡಕೊರಕ ಹುಳು ಬಿಸಿಲಿಗೆ ಬಿದ್ದ ತೋಟಗಳಿಗೆ ಮುತ್ತಿ ಗಿಡಗಳನ್ನು ಒಣಗಿಸಿತು. ತೋಟ ತೋಟವೇ ಹಾಳಾದವು. ದೊಡ್ಡ ಮರಗಳ ನೆರಳಿದ್ದಲ್ಲಿ ಹುಳುವಿನ ಹಾವಳಿ ಕಡಿಮೆಯೆಂಬುದನ್ನು ತೋಟಗಾರರು ನಷ್ಟ ಅನುಭವಿಸಿ ಕಲಿತರು. ಅಂದಿನಿಂದ ಕೊಡಗಿನ ಕಾಫಿ ನೆರಳಿನ ಕಾಫಿಯಾಯಿತು. ಅತ್ತಿ, ಗೋಣಿ, ಬಸರಿ, ಹಲಸು, ನಂದಿ, ಬೀಟೆ ಮರಗಳು ಕಾಫಿಯ ಮೇಲೆ ನಿಂತವು. ಹಾಲುವಾಣವನ್ನು ನೆರಳಿಗೆಂದೇ ನೆಟ್ಟರು. ಹಣ್ಣು, ಹೂ, ಪೊಟರೆ ಮೂರೂ ಒಂದೇ ತೋಟದಲ್ಲಿ ಸಿಗುವಂತಾಗಿ, ಮಳೆಕಾಡಿನ ಗಿಳಿಗಳು ನಮ್ಮ ತೋಟಗಳಿಗೂ ಬಂದು ನೆಲೆಸಿದವು. ಇದನ್ನು ಯಾರೂ ಗಿಳಿಗಳ ಹಿತಕ್ಕೆಂದು ಮಾಡಲಿಲ್ಲ. ತಾನಾಗಿ ಒದಗಿದ ಉಪಕಾರ ಇದು.

ಈಗ ಪೊಟರೆಯ ಮಾತು. ನೀಲಿ ರೆಕ್ಕೆಯ ಗಿಳಿ ಸುಮಾರಾಗಿ ಜನವರಿಯಿಂದ ಮಾರ್ಚ್‌ವರೆಗೆ ಮರಿಮಾಡುತ್ತದೆ. ಮರವನ್ನು ತಾನೇ ಕೊರೆದು ಗೂಡು ಮಾಡುವ ಶಕ್ತಿ ಅದಕ್ಕೆ ಹೆಚ್ಚಿಲ್ಲ. ಮರಕುಟಿಗ, ಕುಟ್ರುಹಕ್ಕಿಗಳು ಕೊರೆದು ಬಿಟ್ಟುಹೋದ ಹಳೆಯ ತೂತನ್ನೇ ಅಗಲಿಸಿಕೊಂಡು, ಬಹಳ ಎತ್ತರದಲ್ಲಿ, ಸಾಮಾನ್ಯವಾಗಿ ನಾಲ್ಕು ಮೊಟ್ಟೆಯಿಡುತ್ತದೆ. ಘಟ್ಟದ ಕಾಡುಗಳಲ್ಲಿ ನಾಗಸಂಪಿಗೆಯಂಥ ಎತ್ತರದ ಮರವೆಂದರೆ ಅದಕ್ಕೆ ಇಷ್ಟ. ಹೆಣ್ಣು ಕಾವು ಕೊಡುವಾಗ ಗಂಡು ಆಹಾರ ತಂದು ಉಣಿಸುತ್ತದೆ. ಪುಟ್ಟ ಹಸಿರು ಗಿಳಿಗೂ ಬೇಕಾದುದು ಮರದ ಪೊಟರೆಯೇ. ನೆಟ್ಟ ಸಸಿ ಹತ್ತು ವರ್ಷಕ್ಕೆ ನೆರಳು ಕೊಟ್ಟೀತು. ಆದರೆ ಒಂದು ಮರ ಮುದಿಯಾಗಿ, ಕೊಂಬೆ ಮುರಿದು, ಒಳಗೆ ಟೊಳ್ಳಾಗಿ, ಹಕ್ಕಿಯೊಂದು ಸಂಸಾರ ಹೂಡುವಂತಾಗಲು ಮನುಷ್ಯರ ಎರಡು ಮೂರು ತಲೆಮಾರು ಬೇಕು.

ಇಂಥ ಮರಗಳು ನಮ್ಮ ತೋಟಗಳಿಂದ ಏಕೆ ಕಡಿಮೆಯಾದವು? ಆಸೆಬುರುಕತನವೆಂದು ಒಂದೇ ಮಾತಿನಲ್ಲಿ ಹೇಳಿಬಿಡುವುದು ಸುಲಭ. ಚರಿತ್ರೆ ಅಷ್ಟು ಸರಳವಲ್ಲ. ಕೊಡಗಿನಲ್ಲಿ ನೆಲದ ಹಕ್ಕು ಬೇರೆ, ನೆಲದ ಮೇಲಿನ ಮರದ ಹಕ್ಕು ಬೇರೆ ಎಂಬುದನ್ನು ನಮ್ಮ ಕಡೆಯ ತೋಟದ ಮನೆತನದವರೆಲ್ಲ ಬಲ್ಲರು. ಬ್ರಿಟಿಷರ ಕಾಲದ ಕಂದಾಯ ವ್ಯವಸ್ಥೆಯಲ್ಲಿ, 1899ರ ಕೊಡಗು ಭೂಕಂದಾಯ ರೆಗ್ಯುಲೇಷನ್ ಜಾರಿಗೆ ಬಂದ ಮೇಲೂ, ಮರದ ಬೆಲೆ ಕಟ್ಟಿ ಹಕ್ಕು ಬಿಡಿಸಿಕೊಳ್ಳದ ಬಾಣೆ ಜಮೀನಿನಲ್ಲಿ ಕಾಡುಜಾತಿಯ ಬೆಲೆಬಾಳುವ ಮರಗಳು ಸರ್ಕಾರದ ಸ್ವತ್ತೆಂದೇ ಎಣಿಸಲ್ಪಟ್ಟವು. ಸ್ವಾತಂತ್ರ್ಯ ಬಂದರೂ, 1956ರಲ್ಲಿ ಕೊಡಗು ಮೈಸೂರು ರಾಜ್ಯಕ್ಕೆ ಸೇರಿದರೂ, ಈ ತೊಡಕು ಬಿಡಲಿಲ್ಲ. ತಾತ ಕಾಪಾಡಿದ ನಂದಿ ಮರ ಬಿದ್ದರೂ ಮೊಮ್ಮಗನಿಗೆ ಸೇರದು. ಆದರೆ ಆಸ್ಟ್ರೇಲಿಯಾದಿಂದ ಬಂದ ಸಿಲ್ವರ್ ಓಕ್ ನೆಟ್ಟರೆ ಅದು ಪೂರ್ತಿ ಅವನದೇ. ಬೇಗ ಬೆಳೆಯುತ್ತದೆ, ನೆಟ್ಟಗೆ ಬೆಳೆಯುತ್ತದೆ, ಕರಿಮೆಣಸಿನ ಬಳ್ಳಿ ಹಬ್ಬಿಸಬಹುದು, ಹಣ ಬೇಕಾದಾಗ ಕಡಿದು ಮಾರಬಹುದು. ಕಾಫಿಯ ಬೆಲೆ ನೆಲಕಚ್ಚಿದ ವರ್ಷಗಳಲ್ಲಿ ಮಗಳ ಮದುವೆಯನ್ನೋ ಮಗನ ಓದನ್ನೋ ನಡೆಸಿದ್ದು ಸಿಲ್ವರ್ ಓಕ್ ಎಂಬ ಮನೆಗಳು ನಮ್ಮ ಬಂಧುಗಳಲ್ಲೇ ಇವೆ. ಅವರನ್ನು ನಾನು ದೂರಲಾರೆ. ಆದರೆ ಸಿಲ್ವರ್ ಓಕಿನಲ್ಲಿ ಅತ್ತಿ ಹಣ್ಣು ಬಿಡುವುದಿಲ್ಲ. ಇಪ್ಪತ್ತೈದು ಮೂವತ್ತು ವರ್ಷಕ್ಕೆ ಕಡಿಯುವ ಮರ ಪೊಟರೆಯಾಗುವಷ್ಟು ಮುದಿಯಾಗುವುದೂ ಇಲ್ಲ. ನೂರು ವರ್ಷದ ಹಿಂದೆ ಕಚೇರಿಯಲ್ಲಿ ಬರೆದ ಒಂದು ನಿಯಮ, ಗಿಳಿಯ ಸುಳಿವೂ ಇಲ್ಲದವರು ಬರೆದದ್ದು, ಇಂದು ಗಿಳಿಯ ಗೂಡನ್ನು ತೆಗೆಯುತ್ತಿದೆ. ಚರಿತ್ರೆಯಲ್ಲಿ ಕಾರಣ ಮತ್ತು ಪರಿಣಾಮ ಎಂದು ನಾನು ನಿಮಗೆ ಬೋರ್ಡಿನ ಮೇಲೆ ಬರೆಸುತ್ತಿದ್ದೆನಲ್ಲ, ಅದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಆಗ ಗೊತ್ತಿರಲಿಲ್ಲ.

ಸಮಾಧಾನದ ಸಂಗತಿಗಳೂ ಇವೆ. ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ. ಎಷ್ಟೋ ಕಡೆ ಒತ್ತುವರಿಯಿಂದ ಕಿರಿದಾಗಿದ್ದರೂ ಮುದಿ ಮರಗಳು ಉಳಿದಿರುವುದು ಅಲ್ಲಿಯೇ. 1974ರಲ್ಲಿ ಘೋಷಿತವಾದ ಬ್ರಹ್ಮಗಿರಿ ವನ್ಯಧಾಮ ನಮ್ಮ ತಾಲ್ಲೂಕಿನ ನೆತ್ತಿಯ ಮೇಲಿದೆ. ಮಾಕುಟ್ಟದ ಕಾಡಿನ ದಾರಿಯಲ್ಲಿ ಹೋಗುವಾಗ ಬಸ್ಸಿನ ಕಿಟಕಿಯಿಂದ ತಲೆ ಹಾಕದಿದ್ದರೂ ಕಿವಿಯಾದರೂ ಕೊಡಿ; ಗಿಳಿವಿಂಡಿನ ಕೂಗು ಕೇಳಿಸೀತು. ಕನ್ನಡದಲ್ಲಿ ಹಕ್ಕಿಗಳ ಬಗ್ಗೆ ಬರೆದು ನಮ್ಮ ಕಣ್ಣು ತೆರೆಸಿದ ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರಂಥವರೂ (1938–2007) ನಮ್ಮ ಕಾಫಿ ಸೀಮೆಯವರೇ. ಅವರ ಪುಸ್ತಕಗಳನ್ನು ಶಾಲೆಯ ಗ್ರಂಥಾಲಯಕ್ಕೆ ನಾನೇ ತರಿಸಿದ್ದೆ. ನಿಮಗೆ ಓದಲು ಕೊಟ್ಟೆ. ನಾನು ಓದಿದ್ದು ನಿವೃತ್ತಿಯ ಮೇಲೆ.

ಈ ಪುಟವನ್ನು ಓದುವ ನನ್ನ ತಮ್ಮ ತಂಗಿಯರಿಗಾಗಿ ಇನ್ನೊಂದು ನೆನಪು ಹೇಳಬೇಕು. ನಮ್ಮ ಹಳೆಯ ಮನೆಯ ಒಳಜಗಲಿಯಲ್ಲಿ ತೂಗುತ್ತಿದ್ದ ತಂತಿಯ ಪಂಜರ ನಿಮಗೆ ನೆನಪಿದೆಯೇ? ನಾನು ಆಗ ಏಳನೇ ತರಗತಿ. ಮರ ಕಪಾತು ಮಾಡಲು ಬಂದಿದ್ದವನೊಬ್ಬ ಪೊಟರೆಯಿಂದ ತೆಗೆದ ಮರಿಯೊಂದನ್ನು ಅಮ್ಮನಿಗೆ ಮಾರಿ ಹೋದ. ಅಮ್ಮ ಅದಕ್ಕೆ ಹಾಲು ಅನ್ನ ಕಲಸಿ ತಿನ್ನಿಸಿ, "ರಾಮ ರಾಮ" ಎನ್ನಲು ದಿನವೂ ಹೇಳಿಕೊಡುತ್ತಿದ್ದಳು. ಒಂದು ವರ್ಷ ಕಳೆದರೂ ಅದು ಮಾತಾಡಲಿಲ್ಲ. ಅದರ ಕೊಕ್ಕು ಕೆಂಪಾಗಲೂ ಇಲ್ಲ, ಕಪ್ಪಾಯಿತು. "ಇದು ಜಾತಿಗಿಳಿಯಲ್ಲ, ಮೂಗಿ" ಎಂದು ನಾವು ಮಕ್ಕಳೆಲ್ಲ ಅದಕ್ಕೆ ಮೂಗಿ ಎಂದೇ ಹೆಸರಿಟ್ಟಿದ್ದೆವು. ಮುಂದಿನ ಕಕ್ಕಡದ ಮಳೆಯಲ್ಲಿ, ಹೊಗೆ ತುಂಬಿದ ಮನೆಯೊಳಗೆ, ಒಂದು ಬೆಳಿಗ್ಗೆ ಅದು ಪಂಜರದ ತಳದಲ್ಲಿ ಬಿದ್ದಿತ್ತು. ಅಮ್ಮ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ನೀಲಿ ರೆಕ್ಕೆಯ ಗಿಳಿಯಲ್ಲಿ ಗಂಡಿನ ಕೊಕ್ಕು ಮಾತ್ರ ಕೆಂಪು, ಹೆಣ್ಣಿನ ಕೊಕ್ಕು ಕಪ್ಪು ಎಂದು ಈಗ ಪುಸ್ತಕದಲ್ಲಿ ಓದಿದಾಗ ನನಗೆ ಒಮ್ಮೆಲೇ ಆ ಪಂಜರ ಕಣ್ಣ ಮುಂದೆ ಬಂತು. ಅದು ಮೂಗಿಯಾಗಿರಲಿಲ್ಲ. ನಮ್ಮ ಘಟ್ಟದ ಹೆಣ್ಣು ಗಿಳಿ. ಒಂದು ವರ್ಷ ನಮ್ಮ ಮನೆಯಲ್ಲೇ ಇದ್ದರೂ ಅದು ಯಾರೆಂದು ನಾವು ತಿಳಿಯಲಿಲ್ಲ.

ಅಮ್ಮನಿಗೆ ಅದರಲ್ಲಿ ತಪ್ಪು ತೋರಿರಲಿಲ್ಲ. ಆಗ ಮನೆಮನೆಯಲ್ಲೂ ಪಂಜರವಿತ್ತು, ಸಂತೆಯಲ್ಲಿ ಮರಿಗಳ ಬುಟ್ಟಿಯಿತ್ತು, ಬಸ್ ನಿಲ್ದಾಣದಲ್ಲಿ ಗಿಳಿಶಾಸ್ತ್ರದವನಿದ್ದ. ಹಕ್ಕಿಗಳ ಗರಿ ಮತ್ತು ಚರ್ಮದ ರಫ್ತನ್ನು ಬ್ರಿಟಿಷ್ ಸರ್ಕಾರ 1902ರಲ್ಲೇ ತಡೆದಿತ್ತಾದರೂ ಜೀವಂತ ಹಕ್ಕಿಗಳ ವ್ಯಾಪಾರ ನಡೆದ ಹಾಗೆಯೇ ನಡೆದಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ, 1981ರಲ್ಲಿ ಪ್ರಪಂಚದ ಬಹುತೇಕ ಗಿಳಿಗಳನ್ನು ವ್ಯಾಪಾರ ನಿಯಂತ್ರಣದ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿಸಿದ ನಿರ್ಣಯ, 1990–91ರಲ್ಲಿ ಭಾರತದ ಎಲ್ಲ ಕಾಡುಹಕ್ಕಿಗಳ ವ್ಯಾಪಾರದ ಮೇಲೆ ಬಂದ ನಿಷೇಧ, ಇವುಗಳಿಂದ ಪಂಜರಗಳು ಕಡಿಮೆಯಾದವು. ಇಂದು ನಮ್ಮ ದೇಶದ ಯಾವುದೇ ಕಾಡುಗಿಳಿಯನ್ನು ಹಿಡಿಯುವುದೂ ಮಾರುವುದೂ ಸಾಕುವುದೂ ಅಪರಾಧ. ನಿಮ್ಮಲ್ಲಿ ಯಾರಿಗಾದರೂ ಮಗು ಗಿಳಿ ಬೇಕೆಂದು ಹಟ ಹಿಡಿದರೆ, ನಾಗವರ್ಮನ ಬೂರುಗದ ಮರದ ಕತೆ ಹೇಳಿ. ಮನೆಯ ಹಿಂದೆ ಜಾಗವಿದ್ದರೆ ಒಂದು ಅತ್ತಿಯ ಕೊಂಬೆಯನ್ನೋ ಹಾಲುವಾಣದ ಗೂಟವನ್ನೋ ನೆಡಿಸಿ. ತೋಟವಿರುವವರು ಟೊಳ್ಳುಬಿದ್ದ ಹಳೆಯ ಮರವೊಂದನ್ನು, ಕೆಲಸದವರ ತಲೆಯ ಮೇಲೆ ಬೀಳುವ ಭಯವಿಲ್ಲದಿದ್ದರೆ, ಹಾಗೆಯೇ ಬಿಟ್ಟುಬಿಡಿ.

ಅರ್ಥ ತಿಳಿಯದೆ ಒಪ್ಪಿಸುವುದಕ್ಕೆ ನಾವು ಗಿಳಿಪಾಠ ಎನ್ನುತ್ತೇವೆ. "ಗಿಳಿಪಾಠ ಬೇಡ, ಸ್ವಂತ ಮಾತಿನಲ್ಲಿ ಬರೆಯಿರಿ" ಎಂದು ಮೂವತ್ತೈದು ವರ್ಷ ನಿಮ್ಮನ್ನು ಗದರಿಸಿದವನು ನಾನು. 1989ರ ಆ ತರಗತಿಯಲ್ಲಿ ಸ್ವಂತ ಮಾತಿನಲ್ಲಿ, ಸ್ವಂತ ಕಣ್ಣಿನಿಂದ ಕಂಡದ್ದನ್ನು ಬರೆದವನು ಒಬ್ಬನೇ. ಗಿಳಿಪಾಠ ಒಪ್ಪಿಸಿದವನು ಕೆಂಪು ಶಾಯಿಯ ಪೆನ್ನು ಹಿಡಿದ ನಾನೇ.

ಆ ಹುಡುಗ ಹತ್ತನೇ ತರಗತಿಗೆ ಬರಲಿಲ್ಲ. ತಂದೆ ತಾಯಿ ಬೇರೆ ತೋಟಕ್ಕೆ ಹೋದರೆಂದು ಹಾಜರಿ ಪುಸ್ತಕದಲ್ಲಿ ಹೆಸರು ಹೊಡೆದದ್ದು ನೆನಪಿದೆ. ನನ್ನ ಎರಡು ಅಂಕಗಳಿಂದ ಅವನು ಶಾಲೆ ಬಿಟ್ಟನೆಂದು ಹೇಳಲಾರೆ. ಲೈನ್ ಮನೆಯ ಮಕ್ಕಳ ಓದು ನಿಲ್ಲುವುದಕ್ಕೆ ಅದಕ್ಕಿಂತ ದೊಡ್ಡ ಕಾರಣಗಳಿದ್ದವು. ಆದರೆ ಅವನು ಶಾಲೆಯಿಂದ ಒಯ್ದ ಕೊನೆಯ ನೆನಪುಗಳಲ್ಲಿ ಆ ನಗು ಒಂದಾಗಿರಬಹುದೆಂಬ ಯೋಚನೆ ನನ್ನನ್ನು ಬಿಡುವುದಿಲ್ಲ. ಇಲ್ಲಿ ಅವನ ಹೆಸರು ಬರೆಯುವುದು ತರವಲ್ಲ. ಆ ವರ್ಷ ಒಂಬತ್ತನೇ ತರಗತಿಯಲ್ಲಿದ್ದು ಈಗ ಇದನ್ನು ಓದುತ್ತಿರುವವರಿಗೆ, ಅಂದು ನಕ್ಕವರಿಗೆ, ಅವನು ಯಾರೆಂದು ಗೊತ್ತಿದೆ. ಅವನೀಗ ಐವತ್ತರ ಆಸುಪಾಸಿನವನಾಗಿರಬೇಕು. ಎಲ್ಲಿದ್ದಾನೆಂದು ತಿಳಿದವರಿದ್ದರೆ ದಯವಿಟ್ಟು ಈ ಬರಹವನ್ನು ಅವನಿಗೆ ಓದಿ ಹೇಳಿ. ಮೇಷ್ಟ್ರು ಮೂರನೆಯ ಗಿಳಿಯನ್ನು, ತಲೆಕೆಳಗಾಗಿ ಮಲಗುವುದನ್ನು, ಇನ್ನೂ ಕಣ್ಣಾರೆ ನೋಡಿಲ್ಲವೆಂದೂ, ಅದನ್ನು ಎಲ್ಲಿ ನೋಡಬೇಕೆಂದು ಅವನೇ ಬಂದು ತೋರಿಸಬೇಕೆಂದೂ ತಿಳಿಸಿ. ಅವನಿಗೆ ಬರಬೇಕಾದ ಎರಡು ಅಂಕ ನನ್ನ ಬಳಿ ಬಾಕಿಯಿದೆ.

ಹಾಲುವಾಣದ ಹೂ ಈಗ ಮುಗಿದಿದೆ. ಮುಂದಿನ ಫೆಬ್ರವರಿಯಲ್ಲಿ ಈ ಕಡೆ ಬರುವವರು ಮನೆಗೆ ಬನ್ನಿ. ಜಗಲಿಯಲ್ಲಿ ಕುಳಿತು ಕಾಫಿ ಕುಡಿಯುತ್ತ ನೋಡೋಣ.

ನಿಮ್ಮೆಲ್ಲರ ಶ್ರೇಯಸ್ಸನ್ನು ಬಯಸುವ,
ನಿಮ್ಮ ಮೇಷ್ಟ್ರು
ವಿರಾಜಪೇಟೆ